ನರಿಗೆ ಹಿಡಿದ ದೀಪಗಳು

೨೨ ನವೆಂಬರ್ ೧೯೯೪, ಮಂಗಳವಾರ

ಮೂರನೇ ಶೆಡ್ಡಿನಲ್ಲಿ ಇಪ್ಪತ್ತಾರು ಕೋಳಿ. ತಿಂದದ್ದು ಎರಡು, ಉಳಿದವನ್ನು ಕತ್ತು ಕಚ್ಚಿ ಸುಮ್ಮನೆ ಎಸೆದು ಹೋಗಿದೆ. ನಮ್ಮೂರ ನರಿ, ಆ ಕುದ್ಕೆಗಾದರೂ ಒಂದು ನಿಯತ್ತು ಉಂಟು, ಒಂದು ಕದ್ದರೆ ಒಂದನ್ನು ತಿನ್ನುತ್ತದೆ. ಈ ಮರಳುನಾಡಿನ ಬರ್ಕಾದ ನರಿ ಗಾತ್ರದಲ್ಲಿ ಅದರ ಅರ್ಧವಿಲ್ಲ, ಕಿವಿ ಮಾತ್ರ ಎರಡರಷ್ಟು, ಹೊಟ್ಟೆಕಿಚ್ಚು ನಾಲ್ಕರಷ್ಟು.

ನನಗೆ ವೀಸಾ ಕೊಟ್ಟ ಧಣಿ, ಕಫೀಲ್ ಸೈಫ್, ಅಲ್ ಅಜೈಬಾದ ತನ್ನ ಮನೆಯಿಂದ ಗಾಡಿ ಓಡಿಸಿಕೊಂಡು ಬಂದ. ಸತ್ತ ಕೋಳಿಗಳ ಸಾಲಿನ ಮುಂದೆ ಮೂಗಿಗೆ ಬಟ್ಟೆ ಹಿಡಿದು ನಿಂತು, "ದೇಜಪ್ಪ, ರಂಜಾನ್ ಹಿಡಿಯುವ ಮೊದಲು ನರಿ ಖಲಾಸ್ ಆಗಬೇಕು. ಇಲ್ಲದಿದ್ದರೆ ನೀನು ಖಲಾಸ್" ಎಂದ. ರುಸೈಲಿನ ಅವನ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಸಂಜೆ ಪಾಳಿಯಲ್ಲಿ ನನ್ನ ಫೋರ್ಕ್‌ಲಿಫ್ಟ್ ಹೋಗಿ ಮೈದಾ ಮೂಟೆಗಳಿಗೆ ಗುದ್ದಿದ ಮೇಲೆ, ಊರಿಗೆ ಅಟ್ಟುವ ಬದಲು ಈ ಕೋಳಿ ಫಾರ್ಮಿಗೆ ಸೂಪರ್‌ವೈಸರ್ ಮಾಡಿ ಹಾಕಿದವನು ಇವನೇ. ಅಲ್ಲಿಯ ಬಲ್ಬುಗಳು ಮಂಕು ಎಂದು ನಾನು ಆಗಲೇ ಹೇಳಿದ್ದೆ, ಯಾರು ಕೇಳುತ್ತಾರೆ! ಇಲ್ಲಿಂದಲೂ ಕಳಿಸಿದರೆ ನಲವತ್ತಾರು ವರ್ಷದವನಿಗೆ ಇನ್ನೊಂದು ವೀಸಾ ಎಲ್ಲಿಂದ ಬರಬೇಕು? ಊರಲ್ಲಿರುವ ಹೆಂಡತಿ ದಮಯಂತಿಗೆ ಬೇರೆ ನಾನು ಮ್ಯಾನೇಜರ್ ಆದೆ ಎಂದು ಬರೆದಾಗಿದೆ.

ಬಂದೂಕು ಇರುವುದು ಸೈಫನ ಚಿಕ್ಕಪ್ಪ ಹಮೂದನ ಹತ್ತಿರ. ಖರ್ಜೂರದ ತೋಟದ ಆಚೆ ಒಂಟಿ ಮನೆಯಲ್ಲಿರುವ ಮುದುಕ. ದಿನಕ್ಕೆ ಐದು ಸಲ ನಮಾಜು, ಐವತ್ತು ಸಲ ಕಾಫಿ. ನಾನು ದೀಪ ಹಿಡಿಯಬೇಕಂತೆ, ಅವನು ಹೊಡೆಯಬೇಕಂತೆ. "ದೀಪ ಒಳ್ಳೆಯದಿರಲಿ, ನನ್ನ ಗುರಿ ತಪ್ಪುವುದಿಲ್ಲ" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ಕೋಳಿಗೆ ನೀರು ಹಾಕುವ ಬಾಂಗ್ಲಾದ ಶಫೀಕ್ ನಡುವೆ ಬಾಯಿ ಹಾಕಿ, "ದಾದಾ, ಗೋಡೆಯ ಬುಡದಲ್ಲಿ ಜಾಲರಿ ಹೂತರೆ ಸಾಕು" ಎಂದ. ಇವನ ಬುದ್ಧಿ ಕೇಳಿ ನಡೆಯುವುದಾದರೆ ಸೂಪರ್‌ವೈಸರ್ ಯಾಕೆ ಬೇಕು?

ಇಲ್ಲಿ ಕನ್ನಡ ಇರುವುದು ಈ ಪುಸ್ತಕದಲ್ಲಿ ಮಾತ್ರ. ಬರೆಯದಿದ್ದರೆ ಕೋಳಿಗಳ ಜೊತೆ ಮಾತಾಡಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಅದೂ ಶುರುವಾಗಿದೆ.

೨೫ ನವೆಂಬರ್, ಶುಕ್ರವಾರ

ರೂವಿ ಪೇಟೆಗೆ ಹೋಗಿ ಬಂದೆ. ಉಳ್ಳಾಲದ ಅಬ್ಬಾಸನ ಎಲೆಕ್ಟ್ರಿಕ್ ಅಂಗಡಿ. ತುಳು ಕಿವಿಗೆ ಬಿದ್ದ ಕೂಡಲೇ ಅರ್ಧ ಹೊಟ್ಟೆ ತುಂಬಿತು.

"ಎಂತ ದೇಜಪ್ಪಣ್ಣ, ಮುಖ ಬಾಡಿದ ಬಸಳೆಯ ಹಾಗೆ ಆಗಿದೆ?"

"ನರಿ ಮಾರಾಯ, ನರಿ."

"ನರಿ ಮುಖ ನೋಡಿದ್ರೆ ಒಳ್ಳೇದಾಗ್ತದೆ ಅಂತಾರಲ್ಲ?"

"ಮುಖ ಕಂಡ್ರೆ ಅಲ್ವಾ ಒಳ್ಳೇದಾಗುವುದು!"

ಅವನು ಮೇಜಿನ ಮೇಲೆ ಟಾರ್ಚುಗಳನ್ನು ಸಾಲಾಗಿ ಇಟ್ಟ. ಮೂರು ಸೆಲ್ಲಿನದು, ಐದು ಸೆಲ್ಲಿನದು, ತಲೆಗೆ ಕಟ್ಟುವಂಥದ್ದು. ಹಿಂದಿನ ಗೋದಾಮಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಐದು ಸೆಲ್ಲಿನದನ್ನು ಹೊತ್ತಿಸಿ, "ಆ ಮೂಲೆಯ ಡಬ್ಬದಲ್ಲಿ ಎಂತ ಬರೆದಿದೆ, ಓದಿ ನೋಡುವ" ಎಂದ. ಕನ್ನಡಕ ತಂದಿಲ್ಲ ಎಂದೆ. ತಿರುಗುವಾಗ ಟ್ಯೂಬ್‌ಲೈಟಿನ ಪೆಟ್ಟಿಗೆಗಳ ರಾಶಿ ಮೊಣಕಾಲಿಗೆ ತಾಗಿ ಧೊಪ್ಪನೆ ಬಿತ್ತು. ಅಬ್ಬಾಸ್ ಒಳ್ಳೆಯವನೇ, ಆದರೆ ಸಾಮಾನು ಜೋಡಿಸಿಡುವ ಕ್ರಮ ಗೊತ್ತಿಲ್ಲ. "ನಿಮಗೆ ಕನ್ನಡಕ ಉಂಟಾ? ನಾನು ನೋಡಿಯೇ ಇಲ್ಲ" ಎಂದು ಕೇಳಿದ. ದುಡ್ಡು ಎಣಿಸಿ ಕೊಟ್ಟೆ. ಐದು ಸೆಲ್ಲಿನದನ್ನೇ ತಂದೆ.

೨೭ ನವೆಂಬರ್, ಭಾನುವಾರ

ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಾನು ಮತ್ತು ಮುದುಕ. ಚಳಿಗೆ ಅವನು ಕಂಬಳಿ ಹೊದ್ದಿದ್ದ, ಬಂದೂಕಿಗೂ ಒಂದು ತುದಿ ಹೊದಿಸಿದ್ದ. ಶೆಡ್ಡಿನ ಹಿಂದೆ ಕೋಳಿಗಳು ಒಮ್ಮೆಲೇ ಕಿರುಚಿದವು. ನಾನು ಟಾರ್ಚು ಬಿಟ್ಟೆ. ಬೆಳಕು ಹೋಗಿ ಎಲ್ಲೋ ಕರಗಿತು, ಕಪ್ಪಿನ ಮೇಲೆ ಬೂದಿ ಉದುರಿದಂತೆ ಅಷ್ಟೇ. ನರಿಯೇನು, ಗೋಡೆಯೂ ಇಲ್ಲ.

"ಶುಫ್ತ್?" ಎಂದು ಮುದುಕ ಕೇಳಿದ. ಕಂಡಿತಾ ಎಂದು ಅರ್ಥ. ಹಾಗೆ ಕೇಳಬೇಕಾದರೆ ಅವನಿಗೆ ಕಂಡಿರಲೇಬೇಕು. ಹಿರಿಯ ಮನುಷ್ಯನಿಗೆ ಕಂಡದ್ದು ನನಗೆ ಕಂಡಿಲ್ಲ ಎಂದರೆ ದೀಪದವನಿಗೆ ಮರ್ಯಾದೆ ಉಳಿಯುತ್ತದೆಯೇ? "ಶುಫ್ತ್" ಎಂದೆ. ಢಂ ಎಂದು ಹೊಡೆದ. ಹೊಡೆದು, "ತಾಗಿತು, ಅಲ್ಲವೇ?" ಎಂದ. "ತಾಗಿತು, ಕುಂಟುತ್ತಾ ಓಡಿತು" ಎಂದೆ. ಕುಂಟಿದ್ದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಬೆಳಿಗ್ಗೆ ರಕ್ತವಿಲ್ಲ, ನರಿಯಿಲ್ಲ. ಹನ್ನೊಂದು ಕೋಳಿ ಸತ್ತಿವೆ. ಚೀನಾದ ಟಾರ್ಚು ಅಷ್ಟೇ.

೧ ಡಿಸೆಂಬರ್, ಗುರುವಾರ

ಗ್ಯಾಸ್‌ಲೈಟ್ ಹೊತ್ತಿಸಿ ಕಂಬಕ್ಕೆ ಕಟ್ಟಿದೆ. ಊರಲ್ಲಿ ಭೂತದ ಕೋಲಕ್ಕೆ, ಮದುವೆಗೆ ಇದರ ಎದುರು ಸೂರ್ಯನೂ ಸೋಲುತ್ತಿದ್ದ. ಇಲ್ಲಿ ನರಿ ಬರಲೇ ಇಲ್ಲ, ದೇಶದ ಹುಳವೆಲ್ಲ ಬಂತು. ಮುದುಕ ಇಡೀ ಹೊತ್ತು ದೀಪಕ್ಕೆ ಬೆನ್ನು ಹಾಕಿ ಕುಳಿತ, ಬೆಳಕು ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತದಂತೆ. ನರಿ ಹೊಡೆಯಲು ಬಂದವನಿಗೆ ಬೆಳಕು ಆಗದಂತೆ! ನಗು ಬಂತು. ವಾಪಸ್ ಬರುವಾಗ ನೀರಿನ ಪೈಪಿಗೆ ಎಡವಿ ಮಂಡಿ ಸುಲಿಯಿತು. ಪೈಪನ್ನು ಅಡ್ಡ ಹಾಕಿದ್ದಕ್ಕೆ ಶಫೀಕನಿಗೆ ಸರಿಯಾಗಿ ಬೈದೆ. "ಅದು ವರ್ಷದಿಂದ ಅಲ್ಲೇ ಇದೆ ದಾದಾ" ಎನ್ನುತ್ತಾನೆ, ಎದುರುತ್ತರ.

೧೧ ಡಿಸೆಂಬರ್, ಭಾನುವಾರ

ಶುಕ್ರವಾರ ಅಬ್ಬಾಸ್ ಕೊಟ್ಟ ಸ್ಪಾಟ್‌ಲೈಟ್ ಇವತ್ತು ಜೋಡಿಸಿದೆ. ಪಿಕಪ್ಪಿನ ಬ್ಯಾಟರಿಗೆ ಕಚ್ಚಿಸುವಂಥದ್ದು, ಹತ್ತು ಲಕ್ಷ ಕ್ಯಾಂಡಲ್ ಎಂದು ಡಬ್ಬದ ಮೇಲೆ ಬರೆದಿದೆ. ಗಂಟೆಯ ಒಳಗೆ ಮೂರು ಗುಂಡು ಹಾರಿತು. ಮೂರಕ್ಕೂ ಅವನು ಶುಫ್ತ್ ಎಂದ, ಮೂರಕ್ಕೂ ನಾನು ಶುಫ್ತ್ ಎಂದೆ. ಬೆಳಕಿನ ಕೋಲು ಎಷ್ಟು ಗಟ್ಟಿ ಎಂದರೆ ಹತ್ತಿ ನಡೆಯಬಹುದು. ಕೋಲಿನ ತುದಿಯಲ್ಲಿ ಏನಿದೆ ಎಂದು ಮಾತ್ರ ತಿಳಿಯುವುದಿಲ್ಲ. ಇಲ್ಲಿ ಧೂಳು ಜಾಸ್ತಿ.

ಬ್ಯಾಟರಿ ಬಿಸಿಯಾದಾಗ ದೀಪ ಆರಿಸಿ ಕುಳಿತೆವು. ಹಮೂದ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಕಪ್ಪು ನನ್ನ ಕೈಗೆ ಬಾರದೆ ನೆಲಕ್ಕೆ ಬಿತ್ತು, ಅವನು ಕೊಟ್ಟ ಕ್ರಮವೇ ಸರಿಯಿರಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ "ಬಲೆ, ಕುಲ್ಲುಲೆ" ಎಂದ! ತುಳು! ನಾನು ಬೆಚ್ಚಿಬಿದ್ದೆ. ಹದಿನೇಳು ವರ್ಷದವನಿದ್ದಾಗ ಹಾಯಿಹಡಗಿನಲ್ಲಿ ಮಂಗಳೂರು ಬಂದರಿಗೆ ಬರುತ್ತಿದ್ದನಂತೆ. ಖರ್ಜೂರ ಇಳಿಸಿ ಹಂಚು ತುಂಬುವುದು. ಬಂದರಿನ ಚಹಾದಂಗಡಿಯ ಹೆಂಗಸು ಹಾಗೆ, ಬನ್ನಿ ಕೂರಿ ಎಂದು, ಕರೆದು ಕೂರಿಸುತ್ತಿದ್ದಳಂತೆ. ಅವಳ ಹೆಸರು ಕೇಳಿದೆ. "ಮರೆತೆ. ಅವಳ ಚಹಾ ಮರೆತಿಲ್ಲ" ಎಂದ.

ನನ್ನನ್ನು "ದೇಗಬ್ಬ" ಎಂದು ಕರೆಯುತ್ತಾನೆ. ಜ ಬರುವುದಿಲ್ಲ, ಪ ಬರುವುದಿಲ್ಲ. ಕರೆದುಕೊಳ್ಳಲಿ.

೧೯ ಡಿಸೆಂಬರ್, ಸೋಮವಾರ

ಬೆಳದಿಂಗಳು, ಬೇಟೆ ಇಲ್ಲ. ಆದರೂ ಸಂಜೆ ಹಮೂದ್ ಮನೆಗೆ ಹೋಗಿ ಕುಳಿತೆ. ಹೋಗಲು ಕಾರಣವೇನೂ ಇರಲಿಲ್ಲ. ಕತ್ತಲಾದ ಮೇಲೆ ಅಲ್ಲೇ ಚಾಪೆಯ ಮೇಲೆ ಮಲಗಿದೆ, ಬೆಳಿಗ್ಗೆ ಬಂದೆ.

೨೬ ಡಿಸೆಂಬರ್, ಸೋಮವಾರ

ನರಿಗೆ ಕೆಂಪು ಬೆಳಕು ಕಾಣುವುದಿಲ್ಲವಂತೆ. ಅಬ್ಬಾಸನ ಅಂಗಡಿಗೆ ಬರುವ ರಾಬರ್ಟ್ ಎಂಬ ಇಂಗ್ಲಿಷಿನವನು ಹೇಳಿದ್ದು. ಅವನ ದೇಶದಲ್ಲಿ ಸ್ಪಾಟ್‌ಲೈಟಿಗೆ ಕೆಂಪು ಗಾಜು ಹಾಕಿಯೇ ನರಿ ಹೊಡೆಯುತ್ತಾರಂತೆ. ಉಡುಗೊರೆಗೆ ಸುತ್ತುವ ಕೆಂಪು ಕಾಗದವನ್ನು ಎರಡು ಪದರ ಕಟ್ಟಿದೆ. ಈಗ ನರಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಹಮೂದ್ ಮಾತ್ರ "ಇದು ಒಳ್ಳೆಯದು, ಕಣ್ಣಿಗೆ ತಂಪು" ಎಂದರು. ನಾಲ್ಕು ಗುಂಡು. ಇಲ್ಲಿ ಬರೆಯದ ರಾತ್ರಿಗಳನ್ನೂ ಸೇರಿಸಿದರೆ, ಲೆಕ್ಕದ ಪ್ರಕಾರ ನಾವು ಇದುವರೆಗೆ ಹತ್ತೊಂಬತ್ತು ನರಿಗಳನ್ನು ಗಾಯ ಮಾಡಿದ್ದೇವೆ. ಈ ಊರಿನ ನರಿಗಳೆಲ್ಲ ಕುಂಟಬೇಕಿತ್ತು.

ಇವತ್ತು ಹದಿನಾಲ್ಕು ಕೋಳಿ. ರಂಜಾನಿಗೆ ಇನ್ನು ಐದು ವಾರ. ಹೆದರಿಕೆಯಾಗುತ್ತದೆ.

೩೧ ಡಿಸೆಂಬರ್, ಶನಿವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಅಮಾವಾಸ್ಯೆ. ಹಮೂದರಿಗೆ ಹೇಳದೆ ನಾನು ಕೆಂಪು ಕಾಗದ ಕಿತ್ತು ಹಾಕಿದ್ದೆ. ಒಂಬತ್ತು ಗಂಟೆಗೆ ತೋಟದ ದಾರಿಯ ಕಡೆ ಸರಬರ ಸದ್ದಾಯಿತು. ದೀಪ ಬಿಟ್ಟೆ. ಕಂಡಿತು! ದೇವರಾಣೆ, ಈ ಸಲ ನಿಜವಾಗಿ ಕಂಡಿತು. ನೆಲದಿಂದ ಒಂದು ಗೇಣು ಮೇಲೆ ಎರಡು ಕಣ್ಣು, ಕಿತ್ತಳೆ ಬಣ್ಣದಲ್ಲಿ ಝಗ್ಗನೆ ಹೊಳೆದವು. ಅವರು ಕೇಳುವ ಮೊದಲೇ ನಾನು "ಶುಫ್ತ್! ಶುಫ್ತ್! ಹೊಡೀರಿ!" ಎಂದು ಕೂಗಿದೆ. ಅವರು ಹೊಡೆದರು.

ನರಿ "ಓ ಮಾ" ಎಂದು ಕಿರುಚಿತು.

ಶಫೀಕ್. ರಸ್ತೆಯ ಅಂಗಡಿಗೆ ಹೋಗಿದ್ದನಂತೆ, ಚಕ್ರ ಪಂಕ್ಚರಾಗಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ನಾನು ಕಂಡ ಕಣ್ಣುಗಳು ಪೆಡಲಿನ ಹೊಳೆಯುವ ಬಿಲ್ಲೆಗಳು. ಜೀವಮಾನದಲ್ಲಿ ಒಮ್ಮೆ ನಮ್ಮ ಗುರಿ ಸರಿಯಾಗಿತ್ತು, ಪೆಡಲೇ ಹಾರಿಹೋಗಿದೆ. ಅದರ ಚೂರು ಹುಡುಗನ ಮೀನಖಂಡಕ್ಕೆ ಹೊಕ್ಕಿದೆ. ಒಂದು ಮೊಳ ಮೇಲೆ ಬಿದ್ದಿದ್ದರೆ?

ಹಮೂದ್ ತಮ್ಮ ಮುಂಡಾಸು ಬಿಚ್ಚಿ ಅವನ ಕಾಲಿಗೆ ಕಟ್ಟಿದರು. ನಾನು ದೀಪ ಹಿಡಿದು ನಿಂತೇ ಇದ್ದೆ. "ದಾದಾ, ಇಲ್ಲಿಗೆ ಹಿಡಿ, ಇಲ್ಲಿಗೆ" ಎಂದು ಶಫೀಕನೇ ಹೇಳಿದ. ದೀಪ ಬೇರೆಲ್ಲೋ ಇತ್ತು.

೧ ಜನವರಿ ೧೯೯೫, ಭಾನುವಾರ

ಸೈಫ್ ಬಂದ. ಶಫೀಕನ ಕಾಲಿಗೆ ಆರು ಹೊಲಿಗೆ, ಸೈಕಲಿನಿಂದ ಬಿದ್ದೆ ಎಂದು ಅವನೇ ಆಸ್ಪತ್ರೆಯಲ್ಲಿ ಹೇಳಿದ್ದಾನೆ. ಆ ಹುಡುಗನನ್ನು ನಾನು ಎಷ್ಟೆಲ್ಲ ಬೈದಿದ್ದೆ.

"ನರಿ ಅಂದದ್ದು ಯಾರು?" ಎಂದು ಸೈಫ್ ಕೇಳಿದ.

ಹಮೂದ್ ನನ್ನ ಕಡೆ ತಿರುಗಲಿಲ್ಲ. "ನಾನೇ ನೋಡಿದೆ, ನಾನೇ ಹೊಡೆದೆ. ಈ ಹಿಂದೂಸ್ತಾನಿ ದೀಪ ಹಿಡಿದವನು, ಅಷ್ಟೇ" ಎಂದರು.

ನಾನು ಬಾಯಿ ಬಿಡಬೇಕಿತ್ತು. ವಿಮಾನ, ಬಜಪೆ, ಅಂಗಳದಲ್ಲಿ ನಿಂತ ದಮಯಂತಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಸುಮ್ಮನಿದ್ದೆ. ಸೈಫ್ ಬಂದೂಕನ್ನು ಗಾಡಿಯಲ್ಲಿಟ್ಟ. ಹಮೂದರನ್ನೂ ಗಾಡಿಯಲ್ಲಿ ಕೂರಿಸಿದ. ಇನ್ನು ಅಲ್ ಅಜೈಬಾದ ಮನೆಯಲ್ಲೇ ಇರಬೇಕಂತೆ. ಹೊರಡುವಾಗ ಅವರು ಕಿಟಕಿಯಿಂದ ಫ್ಲಾಸ್ಕನ್ನು ಹೊರಗೆ ಚಾಚಿದರು. ನಾನು ತೆಗೆದುಕೊಂಡೆ.

೩ ಜನವರಿ

ಯಾರೂ ಇಲ್ಲ.

೧೦ ಜನವರಿ, ಮಂಗಳವಾರ

ಸಂಜೆ ಐದೂವರೆಗೆ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ. ಹನ್ನೆರಡು ಗಂಟೆ ಕಾಲ ಟ್ಯೂಬ್‌ಲೈಟಿನ ಕೆಳಗೆ. ದಮಯಂತಿಗೆ "ಇಲ್ಲಿ ಎಲ್ಲ ಕ್ಷೇಮ, ಕೆಲಸ ಹಗುರ" ಎಂದು ಬರೆದೆ. ಶಫೀಕ್ ಕುಂಟುತ್ತಾ ಊಟ ತಂದಿಟ್ಟ. ನಾವು ಗಾಯ ಮಾಡಿದ ಇಪ್ಪತ್ತು ನರಿಗಳಲ್ಲಿ ನಿಜವಾಗಿ ಕುಂಟುವವನು ಇವನೊಬ್ಬ. ಕೂರು, ಒಟ್ಟಿಗೆ ತಿನ್ನುವ ಎಂದೆ. ಆಶ್ಚರ್ಯದಿಂದ ನೋಡಿ ಕುಳಿತ. ಊಟವಾದ ಮೇಲೆ ಮತ್ತೆ ಜಾಲರಿಯ ಮಾತು ತೆಗೆದ. ನಾಳೆ ಶುರು ಮಾಡುವ ಎಂದೆ.

೧೮ ಜನವರಿ, ಬುಧವಾರ

ಮೂರು ಶೆಡ್ಡಿನ ಸುತ್ತ ಒಂದು ಮೊಳ ಆಳಕ್ಕೆ ಜಾಲರಿ ಹೂತಾಯಿತು. ಐದು ದಿನದಿಂದ ಒಂದು ಕೋಳಿಯೂ ಸತ್ತಿಲ್ಲ. ಐದು ವಾರ ನಾಲ್ಕು ದೀಪ ಸಾಧಿಸದೇ ಇದ್ದದ್ದನ್ನು ಒಂದು ಸಬ್ಬಲ್ಲು ಸಾಧಿಸಿತು. ಸೈಫ್ ಫೋನಿನಲ್ಲಿ "ಶಾಬಾಶ್ ದೇಜಪ್ಪ" ಎಂದ. ಕೆಲಸ ಉಳಿಯಿತು. ಖುಷಿಯಾಗಬೇಕಿತ್ತು.

೨೦ ಜನವರಿ, ಶುಕ್ರವಾರ

ಅಬ್ಬಾಸ್ ತಾನೇ ಫಾರ್ಮಿಗೆ ಬಂದ. ದುಬೈಗೆ ಹೋಗಿದ್ದನಂತೆ, ಅಲ್ಲಿ ರಷ್ಯಾದವರು ಸೂಟ್‌ಕೇಸ್ ಬಿಡಿಸಿ ಕುಳಿತು ಮಿಲಿಟರಿ ಸಾಮಾನು ಮಾರುತ್ತಾರಂತೆ. ಅಲ್ಲಿಂದ ರಾತ್ರಿ ನೋಡುವ ಒಂದು ದುರ್ಬೀನು ತಂದಿದ್ದ. ಇಟ್ಟಿಗೆಯಷ್ಟು ಭಾರ.

"ದೇಜಪ್ಪಣ್ಣ, ಇದಕ್ಕೆ ದೀಪವೇ ಬೇಡ. ಕತ್ತಲೆಯಲ್ಲಿ ಹಗಲು ಕಾಣ್ತದೆ."

ಈಗ ಯಾತಕ್ಕೆ, ನರಿಯ ಕಥೆ ಮುಗಿಯಿತಲ್ಲ ಎಂದೆ. ತಂದದ್ದಾಯಿತು, ಒಮ್ಮೆ ನೋಡಿ ಎಂದು ಕೈಹಿಡಿದು ಟ್ಯಾಂಕಿನ ಕಟ್ಟೆಗೆ ಹತ್ತಿಸಿದ. ಚಂದ್ರ ಇನ್ನೂ ಬಂದಿರಲಿಲ್ಲ. ಗುಂಡಿ ಒತ್ತಿದಾಗ ಸೊಳ್ಳೆಯಂಥ ಸದ್ದು ಬಂತು, ಆಮೇಲೆ ಹಸಿರು. ಹಸಿರಿನಲ್ಲಿ ತೋಟ ಕಂಡಿತು, ಗರಿ ಗರಿಯಾಗಿ. ಬೇಲಿ ಕಂಡಿತು. ಹಮೂದರ ಮನೆಯ ಬಾಗಿಲಿನ ಬೀಗ ಕೂಡ. ಮೇಲಕ್ಕೆ ಎತ್ತಿದೆ. ಅಯ್ಯೋ ದೇವರೇ, ಭತ್ತ ಚೆಲ್ಲಿದ ಹಾಗೆ!

"ಅಬ್ಬಾಸ್, ಈ ರಷ್ಯಾದವರು ಒಳಗೆ ನಕ್ಷತ್ರದ ಚಿತ್ರ ಬೇರೆ ಹಾಕಿದ್ದಾರೆ ಮಾರಾಯ!"

ಅವನು ನಗಲಿಲ್ಲ. "ದುರ್ಬೀನು ಕೆಳಗಿಡಿ. ಈಗ ನೋಡಿ. ಬರಿಗಣ್ಣಿಗೆ ಕಾಣುವುದಿಲ್ಲವಾ?" ಎಂದ.

"ಎಂತದು?"

"ನಕ್ಷತ್ರ."

ಕಪ್ಪು. ಕಂಬಳಿ ಮುಸುಕು ಹಾಕಿದಂತೆ ಕಪ್ಪು. "ಇವತ್ತು ಮೋಡ" ಎಂದೆ.

"ಮೋಡ ಇಲ್ಲ ದೇಜಪ್ಪಣ್ಣ" ಎಂದು ಅಬ್ಬಾಸ್ ಮೆಲ್ಲಗೆ ಹೇಳಿದ.

ಕೋಣೆಯ ತನಕ ಕೈ ಹಿಡಿದು ತಂದು ಬಿಟ್ಟು ಹೋದ. ಇಷ್ಟು ದಿನ ಎಲ್ಲರಿಗೂ ಕತ್ತಲೆ ಎಂದರೆ ಹೀಗೇ ಎಂದುಕೊಂಡಿದ್ದೆ.

೨೧ ಜನವರಿ, ಶನಿವಾರ

ನಿದ್ದೆ ಬಂದಿಲ್ಲ. ಕೊರಗಪ್ಪ ಮಾವನ ವಿಷಯ ಬರೆಯುತ್ತೇನೆ, ಯಾರಿಗೂ ಹೇಳಿಲ್ಲ.

ಅಮ್ಮನ ಅಣ್ಣ. ಹಗಲಲ್ಲಿ ಹುಲಿ, ದೀಪ ಹೊತ್ತಿಸುವ 
ಹೊತ್ತಿಗೆ ಜಗಲಿಯ ಒಂದೇ ಜಾಗದಲ್ಲಿ ಕೂತುಬಿಡುತ್ತಿದ್ದರು. ಇರುಳುಗಣ್ಣು. ಪೇಟೆಯಿಂದ ತಡವಾದರೆ ನಾನು ಒಂದು ಕೋಲಿನ ತುದಿ ಹಿಡಿದು ಮುಂದೆ, ಅವರು ಇನ್ನೊಂದು ತುದಿ ಹಿಡಿದು ಹಿಂದೆ. ನನಗೆ ಹತ್ತು ವರ್ಷ. ಒಂದು ದಿನ ತಮಾಷೆಗೆ ಬಯಲಿನ ನಡುವೆ ಕೋಲು ಬಿಟ್ಟು, ಗದ್ದೆಯ ಎತ್ತರದ ಹುಣಿಯ ಹಿಂದೆ ಅಡಗಿ ಕುಳಿತೆ. ಮಾವ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕೋಲು ಹಿಡಿದೇ ನಿಂತು "ದೇಜೂ, ಓ ದೇಜೂ" ಎಂದು ಕರೆದರು. ಬೈಯಲಿಲ್ಲ. ಆಮೇಲೆ ಕರೆಯುವುದನ್ನೂ ನಿಲ್ಲಿಸಿದರು. ನಾನು ನಗು ತಡೆದುಕೊಂಡು ಕುಳಿತಿದ್ದೆ, ಕೊನೆಗೆ ಬಂದು ಕೋಲು ಹಿಡಿದೆ. ಮನೆಗೆ ಬಂದು ಅವರು ಅಮ್ಮನಿಗೆ ಒಂದು ಮಾತೂ ಹೇಳಲಿಲ್ಲ.

ಈಗ ಇನ್ನೊಬ್ಬ ಹಿರಿಯರನ್ನು ನಡುವೆ ನಿಲ್ಲಿಸಿ ನಾನು ಅಡಗಿ ಕುಳಿತಿದ್ದೇನೆ. ಅವರೂ ಒಂದು ಮಾತು ಹೇಳಿಲ್ಲ.

೨೬ ಜನವರಿ, ಗುರುವಾರ

ಅಲ್ ಅಜೈಬಾಕ್ಕೆ ಹೋದೆ. ಹಗಲಲ್ಲೇ. ಸೈಫ್ ಟೀವಿ ಮುಂದಿದ್ದ, ಹಮೂದಜ್ಜ ಮೂಲೆಯ ದಿಂಬಿಗೆ ಒರಗಿದ್ದರು. ಹವಾನಿಯಂತ್ರಣದ ತಣ್ಣನೆಯ ಕೋಣೆ, ಕಂಬಳಿ ಹೊದ್ದು ಕುಳಿತಿದ್ದರು.

ನಿಂತೇ ಹೇಳಿದೆ. ಕುಳಿತರೆ ಹೇಳಲಾಗುತ್ತಿರಲಿಲ್ಲ. "ಅರ್ಬಾಬ್, ಧಣಿಗಳೇ, ಆ ದಿನ ನರಿ ಅಂದವನು ನಾನು. ಹೊಡೀರಿ ಎಂದು ಕೂಗಿದವನೂ ನಾನೇ. ಕತ್ತಲಾದರೆ ನನಗೆ ಕಣ್ಣು ಕಾಣುವುದಿಲ್ಲ. ಒಂದು ನರಿಯನ್ನೂ ನಾನು ನೋಡಿಲ್ಲ. ರುಸೈಲಿನಲ್ಲಿ ಮೂಟೆಗಳನ್ನೂ ನೋಡಿರಲಿಲ್ಲ. ಅಜ್ಜನ ತಪ್ಪಿಲ್ಲ, ಅವರನ್ನು ಅವರ ಮನೆಗೆ ಕಳಿಸಿ."

ಸೈಫ್ ಟೀವಿ ಆರಿಸಿದ. ಮೂಲೆಯಿಂದ ಒಂದು ಸದ್ದು ಬಂತು. ಅಜ್ಜ ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು! ಕೆಮ್ಮು ಬರುವ ತನಕ ನಕ್ಕರು.

"ದೇಗಬ್ಬ, ನಾನು ನರಿ ನೋಡಿ ಮೂರು ವರ್ಷವಾಯಿತು. ಕಣ್ಣಿನಲ್ಲಿ ಹಾಲು ತುಂಬಿದ ಹಾಗಿದೆ. ನೀನು ಶುಫ್ತ್ ಅಂದೆ, ನಾನು ಹೊಡೆದೆ."

"ನೀವು ಶುಫ್ತ್ ಎಂದು ಕೇಳಿದಿರಿ, ನಿಮಗೆ ಕಂಡಿದೆ ಎಂದು ನಾನು ಹೂಂ ಅಂದೆ."

"ನನಗೆ ಕಾಣದ್ದಕ್ಕೇ ನಿನ್ನನ್ನು ಕೇಳಿದ್ದು ಮಾರಾಯ!" ಮಾರಾಯ ಎಂದು ಅವರು ಹೇಳಲಿಲ್ಲ, ಅವರ ಭಾಷೆಯಲ್ಲಿ ಏನೋ ಹೇಳಿದರು, ನನಗೆ ಹಾಗೇ ಕೇಳಿಸಿತು.

ಸೈಫ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಇಬ್ಬರು ಕುರುಡರ ಕೈಗೆ ಬಂದೂಕು ಕೊಟ್ಟು ನಾನಿಲ್ಲಿ ನಿದ್ದೆ ಮಾಡಿದೆನೇ? ಆ ಹುಡುಗ ಸತ್ತಿದ್ದರೆ?" ಅಜ್ಜ ಕಂಬಳಿಯನ್ನು ಮೇಲೆಳೆದುಕೊಂಡರು. ನಗುವೂ ನಿಂತಿತು.

ಕೊನೆಗೆ ಅವನು ಹೇಳಿದ್ದು ಇಷ್ಟು. ಇಬ್ಬರೂ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ಚಿಕ್ಕಪ್ಪ ತನ್ನ ಮನೆಗೆ ಹೋಗಬಹುದು, ಬಂದೂಕು ಹೋಗುವುದಿಲ್ಲ. ನನ್ನ ಕಾಂಟ್ರಾಕ್ಟ್ ಜೂನಿಗೆ ಮುಗಿಯುತ್ತದೆ, ಅಲ್ಲಿಯ ತನಕ ಹಗಲು ಕೆಲಸ, ಆಮೇಲೆ ಟಿಕೆಟ್. "ನೀನು ಕೆಟ್ಟವನಲ್ಲ ದೇಜಪ್ಪ. ಆದರೆ ಖಲಾಸ್" ಎಂದ.

ಬಸ್ಸಿನಲ್ಲಿ ಬರುವಾಗ ಅತ್ತೆ. ಪಕ್ಕದವನು ಪಾಪ, ನೀರಿನ ಬಾಟಲಿ ಕೊಟ್ಟ.

೩೧ ಜನವರಿ, ಮಂಗಳವಾರ

ರೂವಿಯ ಕ್ಲಿನಿಕ್ಕಿನ ಡಾಕ್ಟರ್ ವಿಕ್ಟೋರಿಯಾ ಮಂಗಳೂರಿನವರು. ಅಜ್ಜನದು ಪೊರೆ, ಈದ್ ಕಳೆದ ಮೇಲೆ ತೆಗೆದರೆ ಹದ್ದಿನ ಕಣ್ಣಾಗುತ್ತದಂತೆ. ನನ್ನ ಕಣ್ಣಿಗೆ ಬೆಳಕು ಬಿಟ್ಟು ತುಂಬಾ ಹೊತ್ತು ನೋಡಿದರು. "ಇದು ಕಣ್ಣಿನ ಹಿಂದಿನ ಪರದೆಯದ್ದು ದೇಜಪ್ಪರೇ. ರಕ್ತದಲ್ಲಿ ಬರುವಂಥದ್ದು. ಇದಕ್ಕೆ ಆಪರೇಶನ್ ಇಲ್ಲ. ಹಗಲಿನ ಕಣ್ಣು ಇನ್ನೂ ಕೆಲವು ವರ್ಷ ಇರ್ತದೆ" ಎಂದರು. ದೊಡ್ಡ ದೀಪ ಯಾವುದಾದರೂ ಉಂಟಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು.

ಅಜ್ಜನಿಗೆ ಕಣ್ಣು ಬರುತ್ತದೆ ಎಂದು ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಹೊಟ್ಟೆ ಉರಿಯಿತು. ಒಟ್ಟಿಗೆ ಕತ್ತಲೆಯಲ್ಲಿ ಕುಳಿತವರಲ್ಲಿ ಒಬ್ಬ ಎದ್ದು ಹೋದ ಹಾಗೆ.

೧೪ ಫೆಬ್ರವರಿ, ಮಂಗಳವಾರ

ದಮಯಂತಿಗೆ ಎಲ್ಲ ಬರೆದೆ. ಹರಿದೆ. ಮತ್ತೆ ಬರೆದು, ಮನಸ್ಸು ಬದಲಾಗುವ ಮೊದಲು ಶಫೀಕನ ಕೈಯಲ್ಲಿ ಪೋಸ್ಟಿಗೆ ಹಾಕಿಸಿದೆ.

೧೬ ಮಾರ್ಚ್, ಗುರುವಾರ

ಅವಳ ಉತ್ತರ ಬಂತು, ಇಲ್ಲೇ ಅಂಟಿಸಿದ್ದೇನೆ.

"ನೀವು ಮ್ಯಾನೇಜರ್ ಅಲ್ಲ ಎಂದು ನನಗೆ ಗೊತ್ತಿತ್ತು. ಕಣ್ಣಿನದ್ದೂ ಗೊತ್ತಿತ್ತು. ಹೋದ ಸಲ ರಜೆಯಲ್ಲಿ ಬಂದಾಗ ಸಂಜೆ ದನದ ಹಟ್ಟಿಯ ಬಾಗಿಲಿಗೆ ಮೂರು ದಿನ ಹಣೆ ಬಡಿದುಕೊಂಡಿರಿ, ಮೂರು ದಿನವೂ ಬಾಗಿಲು ಗಿಡ್ಡವೆಂದು ಬಡಗಿಗೆ ಬೈದಿರಿ. ಹೇಳಿದರೆ ನಿಮಗೆ ಬೇಸರವಾಗುತ್ತದೆ ಎಂದು ನಾನು ಹೇಳಲಿಲ್ಲ. ಬನ್ನಿ. ಬಾಗಿಲು ಎತ್ತರಿಸಲು ಹೇಳಿದ್ದೇನೆ."

ನಾಲ್ಕು ಸಲ ಓದಿದೆ. ಈ ಹೆಂಗಸಿಗೆ ಬೇರೆ ಕೆಲಸವಿಲ್ಲ.

೪ ಏಪ್ರಿಲ್ ೧೯೯೫, ಮಂಗಳವಾರ

ಅಜ್ಜ ಇವತ್ತು ಬಂದರು. ಬಲಗಣ್ಣಿನ ಪಟ್ಟಿ ತೆಗೆದಾಗಿದೆ. ಬಂದವರೇ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ದೇಗಬ್ಬ, ನೀನು ಇಷ್ಟು ಕುರೂಪಿ ಎಂದು ತಿಳಿದಿರಲಿಲ್ಲ" ಎಂದರು. ಶಫೀಕ್ ಬಿದ್ದು ಬಿದ್ದು ನಕ್ಕ. ಅವನ ಕಾಲಿನ ಕಲೆಯನ್ನೂ ನೋಡಿದರು, ಬೆರಳಿಟ್ಟು ನೋಡಿದರು.

ಕತ್ತಲಾದ ಮೇಲೆ ಕಟ್ಟೆಗೆ ಹೋಗೋಣ ಎಂದರು. ಬಂದೂಕಿಲ್ಲ, ದೀಪವಿಲ್ಲ, ಯಾಕೆ ಎಂದೆ. ಮೊಣಕೈ ಮುಂದೆ ಚಾಚಿದರು. ಹಿಡಿದೆ. "ಕಲ್ಲು. ಪೈಪು. ಈಗ ಮೆಟ್ಟಿಲು, ಮೂರು" ಎಂದು ಹೇಳುತ್ತಾ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ ಕೈ, ಒಣ ಕೊರಡಿನಷ್ಟು ಗಟ್ಟಿ.

ಕುಳಿತು ಸ್ವಲ್ಪ ಹೊತ್ತಿಗೆ ಅವರ ಮೈ ಬಿಗಿಯಾಯಿತು. "ಶುಫ್ತ್?" ಎಂದು ಪಿಸುಗುಟ್ಟಿದರು.

"ಇಲ್ಲ. ನನಗೆ ಕಾಣುವುದಿಲ್ಲ. ಎಲ್ಲಿದೆ?"

"ಜಾಲರಿಯ ಹತ್ತಿರ. ಕೆರೆದು ನೋಡುತ್ತಿದೆ."

"ಹೇಗಿದೆ?"

"ಸಣ್ಣದು. ತುಂಬಾ ಸಣಕಲು. ಹೊಟ್ಟೆ ಜೋತಿದೆ, ಮರಿ ಹಾಕಿರಬೇಕು."

"ಕುಂಟುತ್ತಿದೆಯಾ?"

"ಇಲ್ಲ. ನಾಲ್ಕು ಕಾಲೂ ಸರಿ ಇವೆ." ಅವರಿಗೆ ನಗು ಬಂದದ್ದು ಮೊಣಕೈಯಲ್ಲಿ ಗೊತ್ತಾಯಿತು. "ಈಗ ಕುಳಿತಿತು. ನಮ್ಮನ್ನೇ ನೋಡುತ್ತಿದೆ."

ನಾನು ಅತ್ತ ಮುಖ ಮಾಡಿ ಕುಳಿತೆ, ಅದಕ್ಕಾದರೂ ನಾನು ಕಾಣಲಿ ಎಂದು.

"ಆಮೇಲೆ?"

"ಇನ್ನೂ ನೋಡುತ್ತಿದೆ."